ಜ್ವರ ಬಂದ ದಿನದ ಲೆಕ್ಕ

ಬೆಳಿಗ್ಗೆ ಆರಕ್ಕೆ ಎಚ್ಚರವಾದೊಡನೆ, ಕಾಲು ನೆಲಕ್ಕಿಡುವ ಮೊದಲೇ, ನಾನು 10 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಮಾತ್ರೆ ನುಂಗುತ್ತೇನೆ. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟದ ಗಂಟೆ ಹೊಡೆದಾಗ 5 ಮಿಲಿಗ್ರಾಂ, ಸಂಜೆ ಮನೆಗೆ ಬಂದ ಮೇಲೆ ಅದರ ಅರ್ಧ. ಆರೋಗ್ಯವಂತರ ದೇಹವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಬೆಳಗಿನ ಜಾವದಲ್ಲಿ ಹೆಚ್ಚು ಸ್ರವಿಸಿ, ಹೊತ್ತು ಇಳಿದಂತೆ ಕಡಿಮೆ ಮಾಡುತ್ತ ಬಂದು, ನಡುರಾತ್ರಿಯ ಹೊತ್ತಿಗೆ ತೀರ ಕೆಳಕ್ಕೆ ತರುತ್ತದೆ. ಹೈಡ್ರೋಕಾರ್ಟಿಸೋನ್ ಎಂದರೆ ಔಷಧದ ರೂಪದಲ್ಲಿರುವ ಕಾರ್ಟಿಸೋಲೇ, ಆ ಏರಿಳಿತವನ್ನೇ ನಾನು ಎರಡೂವರೆ ಮಾತ್ರೆಗಳಲ್ಲಿ ಅನುಸರಿಸಲು ಯತ್ನಿಸುತ್ತೇನೆ. ಇಷ್ಟು ಮಾತ್ರವಾದರೆ ಕಷ್ಟವೇನಿಲ್ಲ, ಹಲ್ಲುಜ್ಜುವಷ್ಟೇ ಸಹಜವಾಗಿದೆ. ಕಷ್ಟವಿರುವುದು ಜ್ವರ ಬಂದ ದಿನ, ವಾಂತಿಯಾದ ದಿನ, ಬಿದ್ದು ಮೂಳೆ ಮುರಿದ ದಿನ. ಅಂಥ ದಿನ ಉಳಿದವರ ದೇಹ ತಾನಾಗಿಯೇ ಕಾರ್ಟಿಸೋಲನ್ನು ಹೆಚ್ಚಿಸಿಕೊಳ್ಳುತ್ತದೆ. ನನ್ನ ದೇಹಕ್ಕೆ ಅದು ಸಾಧ್ಯವಿಲ್ಲವಾದ್ದರಿಂದ ಲೆಕ್ಕವನ್ನು ನಾನೇ ಮಾಡಬೇಕು, ನನಗೆ ಪ್ರಜ್ಞೆ ತಪ್ಪಿದ್ದರೆ ಪಕ್ಕದಲ್ಲಿದ್ದವರು ಮಾಡಬೇಕು.

ಇದರ ಮೂಲ 2008ರಲ್ಲಿದೆ. ಎರಡನೆಯ ಹೆರಿಗೆಯಲ್ಲಿ ನನಗೆ ವಿಪರೀತ ರಕ್ತಸ್ರಾವವಾಗಿ ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡರು. ತಾಯಿ, ಮಗು ಇಬ್ಬರೂ ಉಳಿದ ಸಂತೋಷದಲ್ಲಿ, ಎದೆಹಾಲು ಬರಲೇ ಇಲ್ಲವೆಂಬುದನ್ನು ಯಾರೂ ದೊಡ್ಡದು ಮಾಡಲಿಲ್ಲ. ಅತ್ತೆಯವರು ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತೆಗಂಜಿ ಎಂದು ಬಾಣಂತನದಲ್ಲಿ ಮಾಡಬಹುದಾದುದನ್ನೆಲ್ಲ ಮಾಡಿ ಸೋತು, ಮಗುವನ್ನು ಆಕಳ ಹಾಲಿಗೆ ಹಚ್ಚಿದರು. ಮುಟ್ಟು ಮತ್ತೆ ಬರಲೇ ಇಲ್ಲ. ಕಂಕುಳ ಕೂದಲು ಉದುರಿ ಮತ್ತೆ ಬೆಳೆಯಲಿಲ್ಲ, ಮುಖ ಬಿಳಿಚಿತು, ಚಳಿಯೇ ಇಲ್ಲದ ಅಂಕೋಲೆಯಲ್ಲಿ ನಾನು ಸ್ವೆಟರ್ ತೊಟ್ಟು ಪಾಠ ಮಾಡತೊಡಗಿದೆ. ರಕ್ತಹೀನತೆ ಎಂದರು, ಕೆಲವರು ಮನಸ್ಸಿನ ಕಾಯಿಲೆ ಎಂದೂ ಅಂದರು. ಎಂಟು ವರ್ಷ ನಾನೂ ನನ್ನನ್ನು ಸೋಮಾರಿಯೆಂದೇ ಬೈದುಕೊಂಡೆ.

ಆದದ್ದು ಇಷ್ಟು. ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಗರ್ಭಿಣಿಯರಲ್ಲಿ ಹಿಗ್ಗಿರುತ್ತದೆ. ಆ ಹೊತ್ತಿನಲ್ಲಿ ರಕ್ತ ಹರಿದುಹೋಗಿ ಒತ್ತಡ ಕುಸಿದರೆ ಗ್ರಂಥಿಗೆ ರಕ್ತ ಸಾಲದೆ ಅದರ ಭಾಗಗಳು ಸಾಯುತ್ತವೆ. 1937ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ಶೀಹಾನ್ ಅವರ ಹೆಸರೇ ಈ ಕಾಯಿಲೆಗೆ ಉಳಿದಿದೆ. ಹಾಲು, ಮುಟ್ಟು, ಥೈರಾಯ್ಡ್, ಅಡ್ರಿನಲ್ ಎಲ್ಲಕ್ಕೂ ಆಜ್ಞೆ ಹೋಗುವುದು ಈ ಕಾಳಿನಿಂದಲೇ. ನನ್ನ ಥೈರಾಯ್ಡ್ ಗ್ರಂಥಿಯಾಗಲಿ, ಮೂತ್ರಪಿಂಡಗಳ ಮೇಲೆ ಕುಳಿತು ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿಗಳಾಗಲಿ ಕೆಟ್ಟಿರಲಿಲ್ಲ, ಅವಕ್ಕೆ ಕೆಲಸ ಹೇಳುವವರು ಇಲ್ಲವಾಗಿದ್ದರು.

2016ರಲ್ಲಿ ಒಬ್ಬ ವೈದ್ಯರು ರಕ್ತ ಪರೀಕ್ಷಿಸಿ, ಥೈರಾಯ್ಡ್ ಹಾರ್ಮೋನಾದ ಟಿ4 ತೀರ ಕಡಿಮೆಯಿದೆಯೆಂದು 100 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ಬರೆದುಕೊಟ್ಟರು. ಅಂತೂ ಕಾರಣ ಸಿಕ್ಕಿತೆಂದು ಮನೆಯವರೆಲ್ಲ ನಿರಾಳರಾದೆವು. ಎರಡು ವಾರ ಕಳೆಯುವುದರೊಳಗೆ ನಾನು ಏಳಲಾರದಾದೆ. ಅನ್ನದ ವಾಸನೆಗೇ ವಾಂತಿ, ನಿಂತರೆ ಕಣ್ಣು ಕತ್ತಲೆ. ಒಂದು ಬೆಳಿಗ್ಗೆ ಮಗಳು ಬಂದು “ಆಯಿ, ಆಯಿ” ಎಂದು ಅಲುಗಾಡಿಸಿದ್ದು ಕೇಳಿಸಿತು, ಉತ್ತರ ಕೊಡಲು ನಾಲಿಗೆ ತಿರುಗಲಿಲ್ಲ. ಥೈರಾಯ್ಡ್ ಮಾತ್ರೆ ದೇಹದ ವ್ಯಾಪಾರವನ್ನೆಲ್ಲ ಚುರುಕುಗೊಳಿಸುವುದರ ಜೊತೆಗೆ, ಇದ್ದಬದ್ದ ಕಾರ್ಟಿಸೋಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಎರಡೂ ಕೊರತೆಯಿರುವವರಿಗೆ ಮೊದಲು ಸ್ಟೀರಾಯ್ಡ್, ಅಂದರೆ ಹೈಡ್ರೋಕಾರ್ಟಿಸೋನಿನಂಥ ಔಷಧ ಕೊಟ್ಟು, ಆಮೇಲಷ್ಟೇ ಥೈರಾಯ್ಡ್ ಮಾತ್ರೆ ಶುರು ಮಾಡಬೇಕೆಂಬ ನಿಯಮವಿರುವುದು ಇದಕ್ಕಾಗಿ. ಆ ವೈದ್ಯರನ್ನು ನಾನು ದೂರುವುದಿಲ್ಲ. ಹೆರಿಗೆಯ ಕಥೆಯನ್ನು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಸೋಡಿಯಂ 114ಕ್ಕೆ ಇಳಿದಿತ್ತು; ಇರಬೇಕಾದದ್ದು 135ರ ಮೇಲೆ. ಬೆಳಗಿನ ಎಂಟು ಗಂಟೆಯ ಕಾರ್ಟಿಸೋಲ್ ಒಂದು ಚಿಲ್ಲರೆ ಮಾತ್ರವಿತ್ತು. ಅಲ್ಲಿನ ಹಿರಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಕೊನೆಯ ಮಗುವಿಗೆ ಹಾಲು ಕುಡಿಸಿದ್ದರೇನಮ್ಮ?” ಎಂಬುದು. ಪಕ್ಕದಲ್ಲಿದ್ದ ಅತ್ತೆ “ಇಲ್ಲ” ಎಂದರಂತೆ. ಹೈಡ್ರೋಕಾರ್ಟಿಸೋನ್ ಚುಚ್ಚಿ, ಸಲೈನ್ ಹಚ್ಚಿ, ಸೋಡಿಯಂ ಬೇಗ ಏರದಂತೆ ಕಾದು ನೋಡಿಕೊಂಡರು. ಮರುದಿನ ಸಂಜೆಯ ಹೊತ್ತಿಗೆ ನಾನು ಎದ್ದು ಕುಳಿತು, ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಹಸಿವೆಂದು ಕೇಳಿ ಗಂಜಿ ಉಂಡೆ.

ಮುಂದಿನ ಭೇಟಿಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಭಟ್ಕಳದ ಕಡೆಯ ಒಬ್ಬ ಹಿರಿಯರು ಪರಿಚಯವಾದರು. ಅವರದೂ ಹೈಡ್ರೋಕಾರ್ಟಿಸೋನ್, ಆದರೆ ಕಾಯಿಲೆ ಬೇರೆ. ಕ್ಷಯರೋಗದಿಂದ ಅವರ ಅಡ್ರಿನಲ್ ಗ್ರಂಥಿಗಳೇ ಹಾಳಾಗಿದ್ದವು. ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ಕಾಯಿಲೆ ಅದು. ಅವರ ಅಂಗೈ ಗೆರೆಗಳೂ ವಸಡುಗಳೂ ಕಪ್ಪಾಗಿದ್ದವು, ನಾನು ಸುಣ್ಣದಂತೆ ಬಿಳಿಚಿದ್ದೆ. ಅವರ ಪಿಟ್ಯುಟರಿ ಸರಿಯಿದ್ದು, ಮಾತು ಕೇಳದ ಗ್ರಂಥಿಗೆ ಆಜ್ಞೆಯ ಮೇಲೆ ಆಜ್ಞೆ ಕಳಿಸುತ್ತದೆ, ಆ ಆಜ್ಞೆಯ ಹಾರ್ಮೋನೇ ಚರ್ಮವನ್ನು ಕಪ್ಪಾಗಿಸುತ್ತದೆ. ಅವರಿಗೆ ಉಪ್ಪು ಹಿಡಿದಿಡುವ ಹಾರ್ಮೋನೂ ಇಲ್ಲದ್ದರಿಂದ ಫ್ಲೂಡ್ರೋಕಾರ್ಟಿಸೋನ್ ಎಂಬ ಇನ್ನೊಂದು ಮಾತ್ರೆಯೂ ಬೇಕು, ಬೇಸಿಗೆಯಲ್ಲಿ ಉಪ್ಪೂ ಹೆಚ್ಚು ಬೇಕು. ನನಗೆ ಅದು ಬೇಡ, ಏಕೆಂದರೆ ಆ ಹಾರ್ಮೋನು ಪಿಟ್ಯುಟರಿಯ ಅಪ್ಪಣೆಗೆ ಕಾಯುವುದಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರಿನವಳಾದ ನಾನು ಉಪ್ಪಿನ ಚಿಂತೆಯಿಂದ ಪಾರಾದೆನೆಂದು ಅವರ ಮುಂದೆ ನಗೆಯಾಡಿದ್ದು ನೆನಪಿದೆ.

ಮನೆಯಲ್ಲಿ ನಾನು ಎದುರಿಸಿದ ದೊಡ್ಡ ತೊಡಕೆಂದರೆ ಸ್ಟೀರಾಯ್ಡ್ ಎಂಬ ಶಬ್ದ. “ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮೆಲ್ಲಗೆ ಬಿಟ್ಟುಬಿಡು” ಎಂದು ಅತ್ತಿಗೆ ಪ್ರತಿ ಹಬ್ಬದಲ್ಲೂ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ಸಂಧಿವಾತಕ್ಕೋ ದಮ್ಮಿಗೋ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡವರಿಗೆ ಅವೆಲ್ಲ ಆಗುತ್ತವೆ. ನಾನು ತೆಗೆದುಕೊಳ್ಳುವುದು ಗ್ರಂಥಿಯು ತಾನೇ ತಯಾರಿಸಬೇಕಾಗಿದ್ದ ಪ್ರಮಾಣವನ್ನು ಮಾತ್ರ. ಎಷ್ಟು ವಿವರಿಸಿದರೂ ಒಪ್ಪದವಳು, “ಬಾವಿ ಬತ್ತಿದ ಮನೆಯವರು ದಿನಕ್ಕೆ ನಾಲ್ಕು ಕೊಡ ನೀರು ಹೊತ್ತು ತರುವುದಿಲ್ಲವೇ, ಇದೂ ಹಾಗೆಯೇ” ಎಂದು ಅತ್ತೆ ಹೇಳಿದಾಗ ಸುಮ್ಮನಾದಳು.

ಜ್ವರದ ದಿನದ ನಿಯಮಗಳನ್ನು ನನ್ನ ವೈದ್ಯರು ನನಗೆಂದು ಬರೆದುಕೊಟ್ಟಿದ್ದಾರೆ. ಬೇರೆಯವರು ತಮ್ಮ ವೈದ್ಯರಿಂದಲೇ ಬರೆಸಿಕೊಳ್ಳಬೇಕು. ನನ್ನ ಹಾಳೆಯ ಪ್ರಕಾರ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಿನದ ಮಾತ್ರೆ ಎರಡು ಪಟ್ಟು, 39 ದಾಟಿದರೆ ಮೂರು ಪಟ್ಟು, ಜ್ವರ ಬಿಟ್ಟ ಮೇಲೆ ಮೊದಲಿನ ಪ್ರಮಾಣ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ನುಂಗಬೇಕು, ಅದೂ ನಿಲ್ಲದಿದ್ದರೆ ಮಾತ್ರೆಯನ್ನು ನಂಬದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ತೆಗೆದುಕೊಂಡು ಆಸ್ಪತ್ರೆಗೆ ಹೊರಡಬೇಕು. ಓದುವಾಗ ಸುಲಭವೆನ್ನಿಸುತ್ತದೆ. 2018ರ ಮಳೆಗಾಲದಲ್ಲಿ ವಾಂತಿಭೇದಿಯಾಗಿ ಹತ್ತಿರದ ಚಿಕಿತ್ಸಾಲಯವೊಂದಕ್ಕೆ ಹೋದಾಗ, ಅಲ್ಲಿದ್ದ ನರ್ಸ್ ಬಾಯಿ “ಅಕ್ಕೋರೆ, ಬಿಪಿ ಲೋ ಆಗಿದೆ ಅಷ್ಟೆ, ಒಂದು ಗ್ಲೂಕೋಸ್ ಹಾಕಿದರೆ ಸಾಕು” ಎಂದು ಕೂರಿಸಿದರು. ನಾನು ಬೇಡಿದರೂ ಸ್ಟೀರಾಯ್ಡ್ ಚುಚ್ಚಲು ಅವರಿಗೆ ಹೆದರಿಕೆ. ವೈದ್ಯರು ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಅವರ ಹೆದರಿಕೆಯಲ್ಲಿ ಅರ್ಥವಿತ್ತು, ನನ್ನ ಕೈಯಲ್ಲಿ ಕಾಗದವಿರಲಿಲ್ಲ.

ಅದಾದ ಮೇಲೆ ಒಂದು ಡಬ್ಬಿ ಸಿದ್ಧವಾಯಿತು. ಒಳಗೆ 100 ಮಿಲಿಗ್ರಾಂ ಪುಡಿಯ ಎರಡು ಸಣ್ಣ ಸೀಸೆ, ಚುಚ್ಚುಮದ್ದಿನ ನೀರಿನ ಗಾಜಿನ ಆಂಪ್ಯೂಲು, ಸಿರಿಂಜು, ಹತ್ತಿ. ಮೇಲೆ ವೈದ್ಯರ ಸಹಿ, ಮೊಹರಿರುವ ಪತ್ರ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು. ಹೈಡ್ರೋಕಾರ್ಟಿಸೋನ್ ದೊರೆಯದಿದ್ದರೆ ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಆದರೂ ಕೊಡಿ, ಪರೀಕ್ಷೆಯ ವರದಿಗಾಗಿ ಕಾಯಬೇಡಿ ಎಂಬ ಸಾಲುಗಳಿಗೆ ಅವರೇ ಕೆಂಪು ಗೆರೆ ಎಳೆದಿದ್ದಾರೆ. ಚುಚ್ಚುವುದನ್ನು ನಮ್ಮವರಿಗೆ ಆಸ್ಪತ್ರೆಯಲ್ಲಿ ಕಲಿಸಿದರು, ಮನೆಯಲ್ಲಿ ಅವರು ಅಭ್ಯಾಸ ಮಾಡಿದ್ದು ಕಂಚಿಕಾಯಿಯ ಮೇಲೆ. ಆಂಪ್ಯೂಲಿನ ಕತ್ತನ್ನು ಹತ್ತಿಯಲ್ಲಿ ಹಿಡಿದು ಮುರಿಯಬೇಕು, ಎರಡು ಮಿಲಿಲೀಟರ್ ನೀರನ್ನು ಎಳೆದು ರಬ್ಬರಿನ ಮುಚ್ಚಳದ ಮೂಲಕ ಸೀಸೆಗೆ ಬಿಡಬೇಕು, ನೊರೆ ಏಳದಂತೆ ಮೆಲ್ಲಗೆ ತಿರುಗಿಸಿದರೆ ಪುಡಿ ಕರಗಿ ತಿಳಿಯಾಗುತ್ತದೆ, ಆಮೇಲೆ ಸೂಜಿಯನ್ನು ಮೇಲೆ ಮಾಡಿ ಗಾಳಿಯ ಗುಳ್ಳೆ ಹೊರದಬ್ಬಬೇಕು. ಚುಚ್ಚುವುದು ತೊಡೆಯ ಹೊರಮಗ್ಗುಲಿನ ನಡುಭಾಗಕ್ಕೆ. ಕಂಚಿಕಾಯಿಯ ದಪ್ಪ ಸಿಪ್ಪೆಯಲ್ಲಿ ಸೂಜಿ ಹೋಗುವ ಬಿಗಿ ಚರ್ಮದ್ದನ್ನೇ ಹೋಲುತ್ತದೆಂದು ಅವರ ಅಭಿಪ್ರಾಯ. ಮೊದಲ ದಿನ ಎರಡು ಆಂಪ್ಯೂಲು ಕೈಯಲ್ಲೇ ಪುಡಿಯಾದವು. ಈಗ ಮಗಳು ಅವರಿಗಿಂತ ಚುರುಕು, ಸೀಸೆ ಹಿಡಿದದ್ದರಿಂದ ಚುಚ್ಚಿ ಮುಗಿಸುವವರೆಗೆ ಮೂರು ನಿಮಿಷ ಸಾಕು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ ನನ್ನಲ್ಲಿ ಐದು ದಿನದ ಮಾತ್ರೆ ಉಳಿದಿತ್ತು. ಹೈಡ್ರೋಕಾರ್ಟಿಸೋನ್ ಮಾತ್ರೆ ನಮ್ಮಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ನನಗೆ ಮಂಗಳೂರಿನಿಂದ ಬರುತ್ತಿತ್ತು. ಗಂಗಾವಳಿಯ ದಂಡೆಯಲ್ಲಿ ಜನ ತಮ್ಮವರ ಮೈ ಹುಡುಕುತ್ತಿದ್ದಾಗ ನನ್ನ ಮಾತ್ರೆಯ ಚಿಂತೆ ಹೇಳಿಕೊಳ್ಳಲು ಸಂಕೋಚವಾಯಿತು. ವೈದ್ಯರಿಗೆ ಫೋನ್ ಮಾಡಿದಾಗ, ಯಾವ ಅಂಗಡಿಯಲ್ಲೂ ದೊರೆಯುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡನ್ನು ಬೆಳಿಗ್ಗೆ ಒಂದೇ ಹೊತ್ತು 5 ಮಿಲಿಗ್ರಾಂ ತೆಗೆದುಕೊಳ್ಳಿ, ಒಂದು ದಿನವೂ ಖಾಲಿ ಬಿಡಬೇಡಿ ಎಂದರು. ಅದರಲ್ಲೇ ಮೂರು ವಾರ ಕಳೆದೆ. ಈಗ ಮಳೆಗಾಲಕ್ಕೆ ಮುಂಚೆ ಅಕ್ಕಿ, ಸೌದೆ, ಹಪ್ಪಳದ ಜೊತೆಗೆ ಮೂರು ತಿಂಗಳ ಮಾತ್ರೆಯೂ ಅಟ್ಟ ಸೇರುತ್ತದೆ. ಅಟ್ಟವೆಂದದ್ದು ಮಾತಿಗೆ, ಇಡುವುದು ಒಣಗಿದ ಡಬ್ಬಿಯಲ್ಲಿ, ಏಕೆಂದರೆ ಆಷಾಢದ ತೇವಕ್ಕೆ ಬಿಡಿ ಮಾತ್ರೆ ಮೆತ್ತಗಾಗುತ್ತದೆ.

ಉಳಿದವುಗಳಲ್ಲಿ ಒಂದನ್ನು ಹೇಳಲೇಬೇಕು. ನಮ್ಮಂಥವರ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಟಿಎಸ್‌ಎಚ್ ನೋಡಿ ನಿರ್ಧರಿಸಬಾರದು. ಟಿಎಸ್‌ಎಚ್ ಎಂಬುದು ಥೈರಾಯ್ಡಿಗೆ ಆಜ್ಞೆ ಒಯ್ಯುವ ಪಿಟ್ಯುಟರಿಯದೇ ಹಾರ್ಮೋನು, ಕೆಟ್ಟ ಗ್ರಂಥಿಯ ಸಾಕ್ಷಿಯನ್ನು ನಂಬಿದಂತೆ ಆಗುತ್ತದೆ. ನೋಡಬೇಕಾದದ್ದು ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನು. ಟಿಎಸ್‌ಎಚ್ ಕಡಿಮೆಯಿದೆಯೆಂದು ನನ್ನ ಮಾತ್ರೆಯನ್ನು ಒಮ್ಮೆ ಅರ್ಧಕ್ಕಿಳಿಸಿದ್ದರು, ಆ ಇಡೀ ಚಳಿಗಾಲ ಮಲಬದ್ಧತೆ ಮತ್ತು ಮಂಕಿನಲ್ಲಿ ಹೋಯಿತು. ಹಲ್ಲು ಕೀಳಿಸುವ ಮೊದಲು ಹೆಚ್ಚುವರಿ ಮಾತ್ರೆ ತೆಗೆದುಕೊಳ್ಳುತ್ತೇನೆ. ತವರು ಸಿದ್ದಾಪುರದ ಕಾಡಂಚಿನಲ್ಲಿರುವುದರಿಂದ, ಮಂಗನ ಕಾಯಿಲೆಯ ಸುದ್ದಿಯಿರುವ ಬೇಸಿಗೆಯಲ್ಲಿ ಅಲ್ಲಿಗೆ ಹೋಗುವುದಿಲ್ಲ. ತಮ್ಮನಿಗೆ ಇದು ಅತಿಯೆನ್ನಿಸಿದರೂ ಸರಿಯೇ. ಯಕ್ಷಗಾನವನ್ನು ಮಾತ್ರ ಬಿಟ್ಟಿಲ್ಲ. ಬೆಳತನಕ ಕೂರುವ ರಾತ್ರಿ, ವೈದ್ಯರ ಒಪ್ಪಿಗೆಯಂತೆ, ಹನ್ನೊಂದಕ್ಕೆ ಇನ್ನರ್ಧ ಮಾತ್ರೆ ಹಾಕಿಕೊಂಡು ಚಾಪೆ ಹಾಸುತ್ತೇನೆ.

ಮಗಳು ಓದಲು ಧಾರವಾಡಕ್ಕೆ ಹೋದ ಮೇಲೆ ಹಗಲಿನಲ್ಲಿ ನನ್ನ ಸುತ್ತ ಇರುವವರು ಶಾಲೆಯವರು. ಎರಡನೆಯ ಡಬ್ಬಿಯನ್ನು ಶಿಕ್ಷಕರ ಕೋಣೆಯ ಕಪಾಟಿನಲ್ಲಿ, ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ, ಕೀಲಿ ಹಾಕಿಲ್ಲ. ವಿಜ್ಞಾನದ ಅಕ್ಕೋರು ಮತ್ತು ದೈಹಿಕ ಶಿಕ್ಷಕರು ಇಬ್ಬರೂ ಕಂಚಿಕಾಯಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ. ಸೀಸೆಗಳ ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇನೆ, ಮುಗಿದವುಗಳನ್ನು ಅವರ ಅಭ್ಯಾಸಕ್ಕೆ ಕೊಡುತ್ತೇನೆ.