ಚಳಿಗಾಲದಲ್ಲಿ ಸಣ್ಣ ಶಾಲೆಯ ವಾರ: ಬಿಸಿಲು ನೋಡಿ ಗಂಟೆ ಹೊಡೆಯಿರಿ

ಬಯಲುಸೀಮೆಯ ಸಣ್ಣ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಂದರೆ ಎರಡು ಕೊಠಡಿ, ಒಂದು ಜಗಲಿ, ಒಂದು ಅಡುಗೆಮನೆ, ಇಬ್ಬರು ಶಿಕ್ಷಕರು, ಮೂವತ್ತೈದು ಮಕ್ಕಳು. ಜೂನ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದ ವೇಳಾಪಟ್ಟಿ ನವೆಂಬರ್ ಬಂದ ಮೇಲೆ ಹಾಗೇ ನಡೆಯುವುದಿಲ್ಲ. ಬೆಳಿಗ್ಗೆ ಮಕ್ಕಳ ಕೈ ಮರಗಟ್ಟಿರುತ್ತದೆ, ಪೆನ್ಸಿಲ್ ನೆಟ್ಟಗೆ ನಿಲ್ಲುವುದಿಲ್ಲ. ಅರ್ಧ ಮಕ್ಕಳ ಅಪ್ಪ ಅಮ್ಮ ರಾಗಿ ಕೊಯ್ಲಿಗೆ ಹೋಗಿರುತ್ತಾರೆ. ಪಾಠದ ಒಟ್ಟು ಅವಧಿ ಬದಲಿಸುವ ಅಗತ್ಯವಿಲ್ಲ. ಯಾವ ಕೆಲಸ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಬಿಸಿಲಿಗೆ ಹೊಂದಿಸಿದರೆ ಸಾಕು. ಕೆಳಗಿನ ಲೆಕ್ಕಗಳೆಲ್ಲ 35 ಮಕ್ಕಳಿಗೆ.

ಮೊದಲು ಬಿಸಿಲಿನ ಗೆರೆ

ಸೋಮವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಶಾಲೆಯನ್ನು ಒಂದು ಸುತ್ತು ಹಾಕಿ. ಒಂಬತ್ತೂವರೆ, ಹತ್ತೂವರೆ, ಹನ್ನೊಂದೂವರೆಗೆ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ನೆಲದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಹಾಗಾಗಿ ದಕ್ಷಿಣದ ಜಗಲಿಗೆ ಒಳ್ಳೆಯ ಬಿಸಿಲು ಸಿಗುತ್ತದೆ, ಉತ್ತರದ ಜಗಲಿಗೆ ಡಿಸೆಂಬರಿನಲ್ಲಿ ಪೂರ್ತಿ ನೆರಳೇ. ಎಷ್ಟೋ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳ ಮೂಲಕ ಕಲಿಯುವ ಪದ್ಧತಿ) ಮಕ್ಕಳು ಕೂರುವುದು ಇಂಥ ತಣ್ಣನೆಯ ಕೊಠಡಿಯಲ್ಲಿ, ಅದೂ ನೆಲದ ಮೇಲೆ. ನಾಲ್ಕು-ಐದನೇ ತರಗತಿಯವರು ಬೆಂಚಿನ ಮೇಲೆ ಕೂರುವುದಾದರೆ ಈ ಮೂರು ತಿಂಗಳು ಕೊಠಡಿ ಅದಲುಬದಲು ಮಾಡಿ. ಕಲಿಕಾ ಏಣಿ, ಪ್ರಗತಿ ನೋಟದ ಪಟಗಳು, ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರ ಎಲ್ಲವನ್ನೂ ಸಾಗಿಸುವುದು ಕಷ್ಟ ಅನ್ನಿಸಿದರೆ ಮೊದಲ ಒಂದು ಗಂಟೆಗೆ ಗುಂಪು ಗುರುತಿಸುವ ತಟ್ಟೆಗಳನ್ನಷ್ಟೇ ಜಗಲಿಗೆ ತನ್ನಿ. ಶಿಕ್ಷಕರ ನೆರವು ಬೇಕಾದ ತಟ್ಟೆ ಬಿಸಿಲಿನ ನಡುವೆ ಇರಲಿ, ಸ್ವಕಲಿಕೆಯ ತಟ್ಟೆ ಅಂಚಿನಲ್ಲಿರಲಿ. ಕಾರ್ಡು ಗಾಳಿಗೆ ಹಾರದಂತೆ ಪ್ರತಿ ತಟ್ಟೆಗೂ ಎರಡೆರಡು ಕಲ್ಲು ಬೇಕು.

ಜಮಖಾನದ ಕೆಳಗೆ ಹಳೆಯ ಗೋಣಿಚೀಲ ಹಾಸಿದರೆ ಸಿಮೆಂಟಿನ ತಂಡಿ ಏರುವುದಿಲ್ಲ. ಚೀಲವನ್ನು ಪೋಷಕರ ಮನೆಯಿಂದ ತರಿಸಿ. ಅಕ್ಷರ ದಾಸೋಹದ (ಶಾಲೆಯ ಬಿಸಿಯೂಟದ) ಖಾಲಿ ಚೀಲಗಳು ಲೆಕ್ಕಕ್ಕೆ ಬರುತ್ತವೆ, ಅವನ್ನು ಮುಟ್ಟಬೇಡಿ. ವಾರಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕದಿದ್ದರೆ ದೂಳಿಗೆ ಮಕ್ಕಳ ಕೆಮ್ಮು ಹೆಚ್ಚುತ್ತದೆ.

ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಬೆನ್ನು ಸೂರ್ಯನ ಕಡೆಗಿರಲಿ, ಶಿಕ್ಷಕರ ಮುಖಕ್ಕೆ ಬಿಸಿಲು ಬೀಳಲಿ. ಈ ಕಾಲದ ಎಳೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಆಗ ಮಕ್ಕಳು ತಲೆ ತಗ್ಗಿಸಿ ಗೊಣಗುತ್ತವೆಯೇ ಹೊರತು ಹಾಡುವುದಿಲ್ಲ.

ಹಾಲು: ಗಂಟಾಗದಂತೆ, ಆರದಂತೆ

ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರ ಆಗಸ್ಟ್ 1ರಂದು. ಮಗುವಿಗೆ 150 ಮಿಲಿ ಹಾಲು, ಅದಕ್ಕೆ 18 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ. 35 ಮಕ್ಕಳಿಗೆ 630 ಗ್ರಾಂ ಪುಡಿ, 350 ಗ್ರಾಂ ಸಕ್ಕರೆ, ಐದೂಕಾಲು ಲೀಟರ್ ನೀರು. ಕಾಯುವಾಗ ಆವಿಯಾಗಿ ಹೋಗುವುದಕ್ಕೆ ಒಂದು ಲೋಟ ಹೆಚ್ಚಿಗೆ ಇಡಿ. ಚಳಿಗಾಲದಲ್ಲಿ ಮಕ್ಕಳು ಹಾಲು ಬೇಡ ಎನ್ನುತ್ತವೆ ಎಂಬ ದೂರು ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಗಂಟು, ಕೆನೆ ಅಥವಾ ತಳ ಹಿಡಿದ ವಾಸನೆ. ಮೂರನ್ನೂ ತಪ್ಪಿಸಬಹುದು.

1. ನೀರು ಚೆನ್ನಾಗಿ ಕುದಿಯಲಿ. ಅದರಲ್ಲಿ ಒಂದೂವರೆ ಲೀಟರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಆರಲು ಬಿಡಿ. ಶುದ್ಧವಾದ ಚಮಚದಲ್ಲಿ ಎರಡು ಹನಿ ಮಣಿಕಟ್ಟಿನ ಮೇಲೆ ಬಿಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು.

2. ಆ ನೀರನ್ನು ಕಡೆಗೋಲಿನಿಂದ ತಿರುಗಿಸುತ್ತ ಪುಡಿಯನ್ನು ಮೇಲಿಂದ ಸ್ವಲ್ಪ ಸ್ವಲ್ಪವೇ ಉದುರಿಸಿ. ಪುಡಿಯ ಮೇಲೆ ನೀರು ಸುರಿಯಬೇಡಿ. ಕುದಿಯುವ ನೀರಿಗೆ ಹಾಕಿದರೆ ಪುಡಿಯ ಹೊರಭಾಗ ಒಡನೆ ಮುಚ್ಚಿಕೊಂಡು ಒಳಗೆ ಒಣಪುಡಿ ಉಳಿಯುತ್ತದೆ, ಅದೇ ಗಂಟು. ತಣ್ಣೀರಿನಲ್ಲಾದರೆ ಪುಡಿಯ ಜಿಡ್ಡು ಕರಗದೆ ಮೇಲೆ ತೇಲುತ್ತದೆ.

3. ದೋಸೆ ಹಿಟ್ಟಿನಷ್ಟು ನುಣುಪಾದ ಮೇಲೆ ಉಳಿದ ಬಿಸಿನೀರಿಗೆ ಸೋಸಿ ಸೇರಿಸಿ, ಸಣ್ಣ ಉರಿಯಲ್ಲಿ ತಳ ಕೆರೆಯುವಂತೆ ತಿರುಗಿಸುತ್ತ ಮೂರು-ನಾಲ್ಕು ನಿಮಿಷ ಕಾಯಿಸಿ. ಸಕ್ಕರೆ ಕೊನೆಗೆ. ಮೊದಲೇ ಹಾಕಿದರೆ ತಳ ಬೇಗ ಹಿಡಿಯುತ್ತದೆ.

ತಳ ಹಿಡಿದೇಬಿಟ್ಟರೆ ಕೆರೆಯಬೇಡಿ, ಅಲುಗಿಸಬೇಡಿ. ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ವಾಸನೆ ಪೂರ್ತಿ ಹರಡುವುದಿಲ್ಲ. ರಾಗಿ ಮಾಲ್ಟ್ ಬೆರೆಸುವ ಮೂರು ದಿನ ಅದರ ಪುಡಿಯನ್ನು ಬೇರೆಯಾಗಿ ತಣ್ಣೀರಿನಲ್ಲಿ ಕದಡಿಕೊಳ್ಳಿ. ರಾಗಿಗೆ ತಣ್ಣೀರು, ಹಾಲಿನ ಪುಡಿಗೆ ಬೆಚ್ಚನೆಯ ನೀರು: ಇವೆರಡು ಅದಲುಬದಲಾದರೆ ಎರಡೂ ಗಂಟೇ.

ಸ್ಟೀಲ್ ಲೋಟ ಬೆಳಿಗ್ಗೆ ಮಂಜುಗಡ್ಡೆಯಂತಿರುತ್ತದೆ. ಹಾಲು ಬಡಿಸುವ ಮುನ್ನ ಬಿಸಿನೀರಿನಲ್ಲಿ ಜಾಲಾಡಿಸಿ. ಹತ್ತು ಹತ್ತು ಮಕ್ಕಳಿಗೆ ಬಡಿಸಿ, ನಡುವೆ ಪಾತ್ರೆಗೆ ಮುಚ್ಚಳ ಹಾಕಿ. ತೆರೆದಿಟ್ಟು ಎಲ್ಲರಿಗೂ ಒಟ್ಟಿಗೆ ಬಡಿಸಲು ಹೋದರೆ ಕೊನೆಯ ಸಾಲಿಗೆ ತಲುಪುವ ಹೊತ್ತಿಗೆ ಕೆನೆ ಕಟ್ಟಿರುತ್ತದೆ. ಒಂದನೇ ತರಗತಿಯವರಿಗೆ ಮೊದಲು ಮುಕ್ಕಾಲು ಲೋಟ, ಅದನ್ನು ಕುಡಿದ ಮೇಲೆ ಉಳಿದದ್ದು ಕೊಡಿ. ಒಡೆದ ಪುಡಿಯ ಪ್ಯಾಕೆಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಒಣ ಚಮಚವನ್ನೇ ಬಳಸಿ. ಇಬ್ಬನಿಯ ತೇವಕ್ಕೆ ಅದು ಎರಡೇ ದಿನದಲ್ಲಿ ಗಟ್ಟಿ ಹೆಂಟೆಯಾಗುತ್ತದೆ.

ಊಟದ ಹೊತ್ತು

ಅಕ್ಕಿ ಮಗುವಿಗೆ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ಅಂದರೆ ಮೂರೂವರೆ ಕೆಜಿ ಅಕ್ಕಿ, 700 ಗ್ರಾಂ ಬೇಳೆ, ಒಂದೂಮುಕ್ಕಾಲು ಕೆಜಿ ತರಕಾರಿ, 175 ಗ್ರಾಂ ಎಣ್ಣೆ. ಡಿಸೆಂಬರ್-ಜನವರಿ ಸೊಗಡವರೆಯ ಕಾಲ. ಪೋಷಕರು ಹೊಲದಿಂದ ಕೊಟ್ಟ ಕಾಯಿ ಸಾರಿಗೆ ಬಿದ್ದ ದಿನ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಕಾಯಿ ಸುಲಿಯುವಾಗ ಹುಳು ನೋಡಲೇಬೇಕು. ಕಾಳಿನಲ್ಲಿ ತೂತು ಕಂಡರೆ ಆ ಕಾಳು ಆಚೆ. ದಿನಕ್ಕೊಬ್ಬ ತಾಯಿ ಬಂದು ಬಡಿಸುವ ಮೊದಲು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಲಿ. ಕೊಯ್ಲಿನ ದಿನಗಳಲ್ಲಿ ಬರುವುದಿಲ್ಲ ಎನ್ನುವವರಿಗೆ ಸೋಮವಾರವೇ ವಾರದ ಪಟ್ಟಿ ಕಳಿಸಿ, ಅವರವರೇ ದಿನ ಬದಲಿಸಿಕೊಳ್ಳುತ್ತಾರೆ.

ಮೊಟ್ಟೆಯನ್ನು ತಣ್ಣನೆಯ ಬುಟ್ಟಿಯಿಂದ ತೆಗೆದು ಕುದಿಯುವ ನೀರಿಗೆ ಹಾಕಿದರೆ ಒಡೆಯುತ್ತದೆ. ತಣ್ಣೀರಿನಲ್ಲೇ ಇಟ್ಟು ಒಲೆ ಹಚ್ಚಿ, ಕುದಿ ಬಂದ ಮೇಲೆ ಹನ್ನೆರಡು ನಿಮಿಷ. ಮೊಟ್ಟೆ ತಿನ್ನದವರ ಬಾಳೆಹಣ್ಣು ಚಳಿಗೆ ನಿಧಾನವಾಗಿ ಹಣ್ಣಾಗುತ್ತದೆ, ಎರಡು ದಿನ ಮೊದಲೇ ಕೊಳ್ಳಿ.

ಕೈ ತೊಳೆಯುವುದೇ ಈ ಕಾಲದಲ್ಲಿ ದೊಡ್ಡ ಸಮಸ್ಯೆ. ಟ್ಯಾಂಕಿನ ನೀರು ಕೊರೆಯುತ್ತದೆ, ಮಕ್ಕಳು ಬೆರಳ ತುದಿ ಅದ್ದಿ ಓಡುತ್ತವೆ. ಅಡುಗೆಯವರಿಂದ ಎರಡು ಚೊಂಬು ಕುದಿನೀರು ಪಡೆದು ದೊಡ್ಡವರೇ ಒಂದು ಬಕೆಟ್ ತಣ್ಣೀರಿಗೆ ಬೆರೆಸಲಿ. ಐದನೇ ತರಗತಿಯ ಮಗು ಮಗ್ಗಿನಲ್ಲಿ ಹೊಯ್ಯಲಿ, ಉಳಿದವರು ಸಾಲಿನಲ್ಲಿ ಬಂದು ಸೋಪು ಹಾಕಿ ಉಜ್ಜಲಿ. 35 ಮಕ್ಕಳಿಗೆ ಎರಡು ಬಕೆಟ್ ಸಾಕು.

ವಾರಕ್ಕೊಂದು ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಊಟದ ನಂತರವೇ ಆಗಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ. ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ತಾಯಂದಿರಿಗೆ ಮೊದಲೇ ಹೇಳಿ. ಹೇಳದಿದ್ದರೆ ಮುಂದಿನ ವಾರ ಅರ್ಧ ಮಕ್ಕಳು ಮಾತ್ರೆಯನ್ನು ಜೇಬಿಗೆ ಹಾಕಿಕೊಳ್ಳುತ್ತವೆ.

ಕಜ್ಜಿ, ಬೆಂಕಿ, ಗೈರುಹಾಜರಿ

ಒಂದೇ ಕಂಬಳಿಯಲ್ಲಿ ಮೂವರು ಮಲಗುವ ಕಾಲ ಇದು, ಕಜ್ಜಿ ಹಬ್ಬುತ್ತದೆ. ಬುಧವಾರ ಬಿಸಿಲಿನಲ್ಲಿ ಕೂರಿಸಿ ಬೆರಳ ಸಂದಿ, ಮಣಿಕಟ್ಟು ನೋಡಿ. ರಾತ್ರಿ ಹೆಚ್ಚು ತುರಿಸುತ್ತದೆ ಎಂದರೆ ಅನುಮಾನ ಗಟ್ಟಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಮುಲಾಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು. ಮಗುವಿಗೆ ಮಾತ್ರ ಹಚ್ಚಿದರೆ ಅಜ್ಜಿಯ ಮೈಯಿಂದ ಮತ್ತೆ ಬರುತ್ತದೆ. ಬಟ್ಟೆ-ಹೊದಿಕೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಹುಳ ಸಾಯುತ್ತದೆ. ಔಷಧಿಯಾದ ಮೇಲೂ ಒಂದೆರಡು ವಾರ ತುರಿಕೆ ಇರಬಹುದು, ಅಷ್ಟಕ್ಕೇ ಮಗುವನ್ನು ಬೇರೆ ಕೂರಿಸಬೇಡಿ. ಈ ಮಾತನ್ನು ಗುಟ್ಟಾಗಿ ತಾಯಿಗೇ ಹೇಳಿ, ತರಗತಿಯ ಮುಂದೆ ಬೇಡವೇ ಬೇಡ.

ಶಾಲೆಯ ಆವರಣದಲ್ಲಿ ತರಗು ಗುಡ್ಡೆ ಹಾಕಿ ಬೆಂಕಿ ಕಾಯಿಸುವುದಕ್ಕೆ ಯಾರಿಗೂ ಅವಕಾಶ ಕೊಡಬೇಡಿ. ಸಮವಸ್ತ್ರದಲ್ಲಿ ಪಾಲಿಯೆಸ್ಟರ್ ಇದ್ದರೆ ಅದು ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಕಿಡಿ ತಾಗಿದರೆ ಓಡಬಾರದು, ನೆಲದ ಮೇಲೆ ಹೊರಳಬೇಕು ಎಂದು ಒಮ್ಮೆ ಹೊರಳಿಸಿಯೇ ತೋರಿಸಿ.

ಕೊಯ್ಲಿನ ವಾರ ಬರದೇ ಉಳಿಯುವವರಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೆಣ್ಣುಮಕ್ಕಳೇ ಹೆಚ್ಚು. ಬೈದು ಪ್ರಯೋಜನವಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಜೊತೆ ಕೂತು ಯಾವ ಮನೆಯ ಕೂಸು ಅಲ್ಲಿಗೆ ಬರುತ್ತಿಲ್ಲ ಎಂದು ಪಟ್ಟಿ ಹೊಂದಿಸಿ. ಕೂಸು ಅಂಗನವಾಡಿಗೆ ಬಂದರೆ ಅಕ್ಕ ತಾನಾಗಿ ಶಾಲೆಗೆ ಬರುತ್ತಾಳೆ.

ಶುಕ್ರವಾರ: ನೆರಳು ಅಳೆಯಿರಿ

ನಲಿ-ಕಲಿಯ ಹವಾಮಾನ ನಕ್ಷೆಯಲ್ಲಿ ಚಿಕ್ಕವರು ದಿನವೂ ಬಿಸಿಲು, ಮೋಡ ಗುರುತಿಸುತ್ತಾರೆ. ನಾಲ್ಕು-ಐದನೆಯವರಿಗೆ ಇದಕ್ಕಿಂತ ಗಟ್ಟಿಯಾದದ್ದು ಬೇಕು. ನೆಲದಿಂದ ಮೇಲೆ ಸರಿಯಾಗಿ 100 ಸೆಂ.ಮೀ. ಇರುವಂತೆ ಒಂದು ಕಡ್ಡಿ ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೇ ನೋಡಿ. ವಾಲಿದ್ದರೆ ಇಡೀ ತಿಂಗಳ ಲೆಕ್ಕ ಹಾಳು. ಪ್ರತಿ ಶುಕ್ರವಾರ ಹನ್ನೆರಡರಿಂದ ಹನ್ನೆರಡು ನಲವತ್ತರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕಿ ಇಟ್ಟು, ಅತಿ ಚಿಕ್ಕ ನೆರಳನ್ನು ಬರೆದುಕೊಳ್ಳಲಿ.

ತುಮಕೂರು, ಬೆಂಗಳೂರು, ಕೋಲಾರದ ಸುತ್ತ ನವೆಂಬರ್ ಮೊದಲ ವಾರ ಸುಮಾರು 53 ಸೆಂ.ಮೀ., ಡಿಸೆಂಬರ್ 21ರ ಆಸುಪಾಸು 74, ಜನವರಿ ಕೊನೆಗೆ 59 ಬರಬೇಕು. ಎರಡು-ಮೂರು ಸೆಂ.ಮೀ. ವ್ಯತ್ಯಾಸ ಸಹಜ. ಇನ್ನೊಂದು ಸೊಗಸು ಇದೆ: ಅತಿ ಚಿಕ್ಕ ನೆರಳು ಹನ್ನೆರಡು ಗಂಟೆಗೆ ಬೀಳುವುದೇ ಇಲ್ಲ. ನವೆಂಬರಿನಲ್ಲಿ ಸುಮಾರು 12:05ಕ್ಕೆ, ಡಿಸೆಂಬರ್ ಕೊನೆಯಲ್ಲಿ 12:20ಕ್ಕೆ, ಜನವರಿ ಕೊನೆಗೆ 12:35ಕ್ಕೆ ಸರಿಯುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ. ಅದರ ಮೇಲೆ ಭೂಮಿಯ ಓರೆ ಮತ್ತು ಅಂಡಾಕಾರದ ಸುತ್ತು ಸೇರಿ ಸೂರ್ಯನ ಮಧ್ಯಾಹ್ನವನ್ನು ಹಿಂದೆ ಮುಂದೆ ಮಾಡುತ್ತವೆ. ಉತ್ತರವನ್ನು ಮೊದಲೇ ಹೇಳಬೇಡಿ. ನಾಲ್ಕು ಶುಕ್ರವಾರ ಕಳೆದರೆ ಮಕ್ಕಳೇ ಕೇಳುತ್ತವೆ.

ಶನಿವಾರ ಮತ್ತು ಮಕ್ಕಳ ಸಂತೆ

ಶನಿವಾರದ ಬೆಳಗಿನ ಶಾಲೆಗೆ ಮಕ್ಕಳು ನಡುಗುತ್ತ ಬರುತ್ತವೆ. ಪ್ರಾರ್ಥನೆ ಚುಟುಕಾಗಿರಲಿ, ಒಡನೆ ಸಾಮೂಹಿಕ ಕವಾಯತು. ಬರೆಯುವ ಕೆಲಸ ಆಮೇಲೆ. ಹುಲ್ಲಿನ ಮೇಲೆ ಇಬ್ಬನಿ ಇದ್ದರೆ ಬರಿಗಾಲಲ್ಲಿ ಓಟ ಬೇಡ, ಜಾರುತ್ತದೆ.

ಸಂಕ್ರಾಂತಿಗೆ ಮುಂಚಿನ ಶನಿವಾರ ಮಕ್ಕಳ ಸಂತೆಗೆ ಹೇಳಿ ಮಾಡಿಸಿದ ದಿನ: ಅವರೆಕಾಯಿ, ಕಡಲೆಕಾಯಿ, ಸೊಪ್ಪು, ಎಳ್ಳು-ಬೆಲ್ಲ ಎಲ್ಲವೂ ಊರಲ್ಲೇ ಇರುತ್ತದೆ. ಎರಡು ವಾರ ಮೊದಲು ಯಾರ ಮನೆಯಲ್ಲಿ ಏನಿದೆ ಎಂದು ಬರೆಸಿ. ಮೂವತ್ತೈದು ಮಕ್ಕಳಿಗೆ ಹನ್ನೆರಡು ಅಂಗಡಿ, ಒಂದರಲ್ಲಿ ಇಬ್ಬರು ಮೂವರು. ಪ್ರತಿ ಅಂಗಡಿಯಲ್ಲೂ ಒಬ್ಬ ದೊಡ್ಡವ, ಒಬ್ಬ ಚಿಕ್ಕವ ಇರಬೇಕು. ಸಂತೆ ಇಬ್ಬನಿ ಆರಿದ ಮೇಲೆ ಶುರುವಾಗಲಿ. ಒದ್ದೆ ಅವರೆಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ಒಳಗೆ ಬೆವರಿ ಕಪ್ಪಾಗುತ್ತದೆ, ಬುಟ್ಟಿಯಲ್ಲೇ ತರಲಿ. ಬೇಯಿಸಿದ ಕಡಲೆಕಾಯಿ ಅಂದಿನ ಬೆಳಿಗ್ಗೆಯದೇ ಆಗಿರಲಿ, ಹಿಂದಿನ ರಾತ್ರಿಯದು ಲೋಳೆಯಾಗುತ್ತದೆ. ಕಾದ ಎಣ್ಣೆಯ ಅಂಗಡಿಗೆ ಎಷ್ಟು ಕೇಳಿದರೂ ಒಪ್ಪಬೇಡಿ.

ಸಂತೆ ಕೆಡುವುದು ಚಿಲ್ಲರೆಯಿಂದ. 500 ರೂಪಾಯಿಯನ್ನು ಹೀಗೆ ಮುರಿಸಿ: ಒಂದರ ನಾಣ್ಯ 100, ಎರಡರದ್ದು 100, ಐದರದ್ದು 20, ಹತ್ತರದ್ದು 10. ಅಂಗಡಿಗೆ 40 ರೂಪಾಯಿಯಂತೆ 480 ಹಂಚಿ, 20 ನಿಮ್ಮ ಕೈಯಲ್ಲಿರಲಿ. ಮಗು ಎಣಿಸಿ, ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಳ್ಳಲಿ. ಪೊಟ್ಟಣದ ಬೆಲೆ ಹತ್ತು, ಇಪ್ಪತ್ತು ಎಂದಿದ್ದರೆ ಎರಡನೇ ತರಗತಿಯ ಮಗುವೂ ವ್ಯಾಪಾರ ಮಾಡಬಲ್ಲದು.

ತಕ್ಕಡಿಯನ್ನು ಮೊದಲು ಪರೀಕ್ಷಿಸಿ. ಖಾಲಿ ತಟ್ಟೆಗಳು ಸಮ ನಿಂತರಷ್ಟೇ ಸಾಲದು. ಒಂದು ಕೆಜಿ ಅವರೆ ತೂಗಿ, ಆಮೇಲೆ ತೂಕದ ಬಟ್ಟನ್ನೂ ಕಾಯಿಯನ್ನೂ ತಟ್ಟೆ ಬದಲಿಸಿ ಇಡಿ. ಆಗಲೂ ಸಮ ನಿಂತರೆ ದಂಡದ ಎರಡು ತೋಳು ಸಮ ಇವೆ ಎಂದರ್ಥ. ಒಂದು ಕಡೆ ಹಳೆಯ ಸೇರು-ಪಾವು ಇಟ್ಟು ಅದೇ ಪಾವಿನಲ್ಲಿ ರಾಗಿ, ಕಡಲೆಕಾಯಿ, ಹುರುಳಿ ಅಳೆದು ತೂಗಿಸಿ. ಅಳತೆ ಒಂದೇ, ತೂಕ ಮೂರು ಬಗೆ. ಅಜ್ಜಂದಿರನ್ನು ಆ ಅಂಗಡಿಗೆ ಕೂರಿಸಿ, ಪಾವಿಗೆ ತಲೆಗೋಪುರ ಹಾಕುವುದನ್ನೂ (ಅಂಚಿನ ಮೇಲೆ ರಾಶಿಯಾಗಿ ತುಂಬುವುದು) ತಲೆ ಸವರುವುದನ್ನೂ (ಅಂಚಿಗೆ ಸಮ ಮಾಡುವುದು) ಅವರೇ ತೋರಿಸಲಿ.

ತಾಯಂದಿರು ಅಂಗಡಿಯ ಹಿಂದೆ ನಿಲ್ಲಬಾರದು, ಗಿರಾಕಿಗಳಾಗಿ ಮುಂದೆ ನಿಲ್ಲಬೇಕು. ಹಿಂದೆ ನಿಂತರೆ ಹತ್ತೇ ನಿಮಿಷದಲ್ಲಿ ವ್ಯಾಪಾರ ಅವರ ಕೈಗೆ ಹೋಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಸಭೆಯನ್ನೂ ಅದೇ ದಿನ ಸಂತೆ ಮುಗಿದ ಕೂಡಲೇ ಇಟ್ಟುಕೊಳ್ಳಿ, ಕೊಯ್ಲಿನ ಕಾಲದಲ್ಲಿ ಇಷ್ಟು ಜನ ಬೇರೆ ದಿನ ಸೇರುವುದಿಲ್ಲ.

ಲೆಕ್ಕ ಸೋಮವಾರ. ಮೊದಲು 40 ರೂಪಾಯಿ ವಾಪಸು, ಆಮೇಲೆ ಮನೆಯವರು ಹೇಳಿದ ಅಸಲು, ಉಳಿದದ್ದು ಲಾಭ. ಅಸಲನ್ನು ಮರೆತು ಪೂರ್ತಿ ದುಡ್ಡನ್ನೇ ಲಾಭವೆಂದು ಬರೆದ ಮಗುವಿನ ಪುಟಕ್ಕೆ ಕೆಂಪು ಗೆರೆ ಎಳೆಯಬೇಡಿ, ಪಕ್ಕದ ಅಂಗಡಿಯವನ ಪುಟದ ಜೊತೆ ಇಟ್ಟು ಇಬ್ಬರನ್ನೂ ಜಗಲಿಯ ಬಿಸಿಲಿಗೆ ಕಳಿಸಿ.