ಎರಡು ಮಳೆಗಾಲ ದಾಟಿದ ನನ್ನ ಕಾಗದದ ಹಡಗು

‘ಉಡುಪಿಯ ಮಳೆಗೆ ಕಾಗದದ ಹಡಗು ನಿಲ್ಲಲ್ಲ, ಮರದಲ್ಲೇ ಮಾಡಿ’ ಅಂತ ಮಾಡೆಲ್ ಮಾಡುವ ಗೆಳೆಯರೆಲ್ಲ ಹೇಳಿದ್ದರು. ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್ ಎಂಬ ಹಡಗಿನ ನನ್ನ ಕಾಗದದ ಮಾಡೆಲ್ ಈಗ ಎರಡು ಮಳೆಗಾಲ ಕಂಡಿದೆ. ಗಾಜಿನ ಪೆಟ್ಟಿಗೆಯೂ ಇಲ್ಲ, ಕಪಾಟಿನ ಮೇಲೆ ಹಾಗೇ ಕೂತಿದೆ. ಕಳೆದ ವಾರ ತಳಕ್ಕೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಬಾಗಿಲ್ಲ.

1841ರಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ನಲ್ಲಿ ಕಟ್ಟಿದ ತಿಮಿಂಗಿಲ ಬೇಟೆಯ ಹಡಗು ಇದು. 80 ವರ್ಷದಲ್ಲಿ 37 ಸಲ ಬೇಟೆಗೆ ಹೋಗಿ ಬಂದಿದೆ. ಈಗಲೂ ಕನೆಕ್ಟಿಕಟ್‌ನ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂನಲ್ಲಿದೆ. ಅಸಲು ಹಡಗೇ ಉಳಿದಿರುವಾಗ ಫೋಟೊಗಳಿಗೆ ಬರವಿಲ್ಲ, ಅಲ್ವಾ? ಉದ್ದ ಸುಮಾರು 113 ಅಡಿ. ನಾನು ಹಿಡಿದ ಅಳತೆ 1:96, ಅಂದರೆ ಅಸಲಿನ 96ರಲ್ಲಿ ಒಂದು ಪಾಲು, ಸುಮಾರು 36 ಸೆಂ.ಮೀ.

ಮೊದಲ ಒಡಲು ಬಿಳಿ ಗೋಂದಿನಿಂದ ಹಾಳಾಯಿತು. ಹೊದಿಕೆ ನೀರು ಕುಡಿದು ಫ್ರೇಮ್‌ಗಳ ನಡುವೆ ಒಳಗೆ ಬಿತ್ತು. ಬಡಕಲು ಹಸುವಿನ ಪಕ್ಕೆಲುಬಿನ ಹಾಗೆ ಕಾಣುತ್ತಿತ್ತು. ಪ್ರಿಂಟು, ಕಾರ್ಡು ಸೇರಿ ಆರುನೂರು ರೂಪಾಯಿ ಹೋಯಿತು. ಎರಡನೆಯದಕ್ಕೆ ಫ್ರೇಮ್‌ಗಳ ನಡುವೆ ಥರ್ಮೋಕೋಲ್ ತುಂಬಿದೆ. ಹೊದಿಕೆ ನುಣ್ಣಗೆ ಕೂತಿತು. ಆಮೇಲೆ ತೇವ ತಡೆಯಲು ಬಡಗಿಗಳು ಬಳಸುವ ಸ್ಯಾಂಡಿಂಗ್ ಸೀಲರ್ ಹಚ್ಚಿದೆ. ಅದರಲ್ಲಿದ್ದ ಥಿನ್ನರ್ ಒಳಗಿಳಿದು ಥರ್ಮೋಕೋಲನ್ನೇ ತಿಂದುಹಾಕಿತು. ಬೆಳಿಗ್ಗೆ ನೋಡಿದರೆ ಒಂದು ಬದಿ ಕುಸಿದಿತ್ತು. ಮೂರು ವಾರದ ಕೆಲಸ, ಸಾವಿರದ ಮೇಲೆ ಖರ್ಚು. ಹದಿನೈದು ದಿನ ಆ ಮೇಜಿನ ಹತ್ತಿರವೇ ಹೋಗಲಿಲ್ಲ.

ಆದರೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಮೇಜಿನ ಕೆಳಗೆ ಬಿದ್ದಿದ್ದ ಕಾರ್ಡ್ ಚೂರುಗಳಲ್ಲಿ ಸೀಲರ್ ಎರಡೂ ಕಡೆ ತಾಗಿದ್ದವು ಮಾತ್ರ ಚಪ್ಪಟೆಯಾಗೇ ಇದ್ದವು. ಒಂದೇ ಕಡೆ ತಾಗಿದ್ದವು ಸುರುಳಿ ಸುತ್ತಿದ್ದವು. ಹಾಗಾದರೆ ಕತ್ತರಿಸುವ ಮೊದಲೇ ಇಡೀ ಹಾಳೆಗೆ ಎರಡೂ ಕಡೆ ಹಚ್ಚಬೇಕು! ಮೂರನೆಯದನ್ನು ಹಾಗೇ ಮಾಡಿದೆ. ಒಳಗೆ ರದ್ದಿ ರಟ್ಟು ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ ಆಕಾರ ಕೊಟ್ಟೆ. ಹೊದಿಕೆಗೆ ಬಿಳಿ ಗೋಂದು ಮುಟ್ಟಿಸಲೇ ಇಲ್ಲ. ಸೀಲರ್‌ಗೆ ಥಿನ್ನರ್ ಎಷ್ಟು, ಎಷ್ಟು ಹೊತ್ತು ಒಣಗಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆ ಅಳತೆ ಐದು ಸಲ ಕೆಡಿಸಿ ಕಲಿತದ್ದು.

ಅಸಲು ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಅದನ್ನು ತೋರಿಸಲು ಮೊದಲು ನಿಜವಾದ ತಾಮ್ರದ ಟೇಪ್ ತಂದೆ, ಮುನ್ನೂರೈವತ್ತೋ ಏನೋ. ದೇವಸ್ಥಾನದ ಕಲಶದ ಹಾಗೆ ಹೊಳೆಯಿತು. ಉಪ್ಪು, ವಿನೆಗರ್ ಹಾಕಿ ಒಂದು ರಾತ್ರಿ ಮುಚ್ಚಿಟ್ಟೆ. ಹಳೆ ತಾಮ್ರದ ಹಸಿರು ಚೆನ್ನಾಗಿ ಬಂತು, ಆದರೆ ಅಂಚೆಲ್ಲ ಎದ್ದಿತು. ಕೊನೆಗೆ ಬಣ್ಣ ಬಳಿದ ಕಾಗದವೇ ಗೆದ್ದಿತು. 13 ಮಿ.ಮೀ. ಉದ್ದದ ಚೂರುಗಳು, ಸುಮಾರು ಒಂಬೈನೂರು ಅಂಟಿಸಿದ್ದೇನೆ.

ನನಗೆ ತುಂಬಾ ಇಷ್ಟವಾದ ಭಾಗ ಮುಂದಿನ ಕೂವೆಕಂಬದ ಹಿಂದಿರುವ ಇಟ್ಟಿಗೆ ಒಲೆ. ಕೊಬ್ಬು ಕರಗಿಸಿ ಎಣ್ಣೆ ತೆಗೆಯುತ್ತಿದ್ದದ್ದು ಇಲ್ಲೇ. ಮರದ ಹಡಗಿನ ಮೇಲೆ ಬೆಂಕಿ! ಅದಕ್ಕೇ ಒಲೆಯ ಕೆಳಗೆ ನೀರು ನಿಲ್ಲಿಸುತ್ತಿದ್ದರು. ಪ್ರಿಂಟ್ ಮಾಡಿದ ಇಟ್ಟಿಗೆ ಸಪ್ಪೆ ಅನ್ನಿಸಿತು. ಕಾರ್ಡಿನ ಮೇಲೆ ಗೆರೆ ಕೊರೆದು, ಮನೆ ಹಿಂದಿನ ಕೆಮ್ಮಣ್ಣನ್ನು ಜರಡಿ ಹಿಡಿದು ಬಳಿದೆ. ಈ ಕೆಂಪು ಯಾವ ಅಂಗಡಿಯಲ್ಲೂ ಸಿಗಲ್ಲ.

ಹಾಯಿ ಕಟ್ಟುವ ಅಡ್ಡಮರಗಳನ್ನು ಊದುಬತ್ತಿ ಕಡ್ಡಿಗೆ ಕಾಗದ ಸುತ್ತಿ ಮಾಡಿದೆ. ಅಸಲು ಹಡಗಿನ ಹಾಯಿ ಜೋಡಣೆಯನ್ನು ಆಮೇಲೆ ‘ಬಾರ್ಕ್’ ಎಂಬ ಮಾದರಿಗೆ ಬದಲಿಸಿದ್ದರಿಂದ ಹಿಂದಿನ ಕಂಬಕ್ಕೆ ಅಡ್ಡಮರವಿಲ್ಲ, ಅಷ್ಟು ಕೆಲಸ ಉಳಿಯಿತು. ಬದಿಗೆ ತೂಗುವ ಐದು ಬೇಟೆ ದೋಣಿಗಳೇ ಹೆಚ್ಚು ದಿನ ತಿಂದವು. ಎರಡೂ ತುದಿ ಚೂಪು, ಒಂದೊಂದಕ್ಕೆ ಮೂರು ಸಂಜೆ ಬೇಕಾಯಿತು.

ಕೆಟ್ಟದ್ದೆಲ್ಲ ಸೇರಿ ಐದು ಸಾವಿರದೊಳಗೆ ಮುಗಿಯಿತು, ಹದಿನಾಲ್ಕು ತಿಂಗಳು ಹಿಡಿಯಿತು. ಮರದಲ್ಲೇ ಮಾಡಿ ಅಂದಿದ್ದ ಗೆಳೆಯರೊಬ್ಬರು ಮೊನ್ನೆ ಬಂದು, ಒಡಲನ್ನು ಬೆರಳಲ್ಲಿ ತಟ್ಟಿ ನೋಡಿ, ಸೀಲರ್ ಅಳತೆ ಕೇಳಿದರು. ಅವರಿಗೂ ಹೇಳಿಲ್ಲ.