320 ತ್ರಿಕೋನ, ಒಂದು ಹೂದಾನಿ

ನಮ್ಮ ಅತ್ತೆ ಲಕ್ಷ ಬತ್ತಿ ಹೊಸೆಯುವಾಗ ಪಕ್ಕದಲ್ಲಿ ಹುಣಸೆ ಬೀಜ ಇಟ್ಟುಕೊಳ್ಳುತ್ತಾರೆ. ನೂರು ಬತ್ತಿ ಆದಾಗ ಒಂದು ಬೀಜ ಡಬ್ಬಿಗೆ ಬೀಳುತ್ತದೆ. ನಾನು ಕಾಗದದ ಪುಟ್ಟ ತ್ರಿಕೋನಗಳನ್ನು ಮಡಿಸಿ, ಒಂದಕ್ಕೊಂದು ಸಿಕ್ಕಿಸಿ ಹೂದಾನಿ ಮಾಡಲು ಕೂತಾಗ ಅವರು ಕೇಳಿದ್ದು ಒಂದೇ, "ಎಷ್ಟು ತ್ರಿಕೋನ ಬೇಕು?" 300 ಅಂದೆ. "ಅಷ್ಟೇನಾ!" ಅಂದುಬಿಟ್ಟರು.

ಒಂದು ಸುತ್ತಿಗೆ 30, ಹತ್ತು ಸುತ್ತು. ಬೇಕಾಗುವುದು 80 ಜಿಎಸ್‌ಎಂನ, ಅಂದರೆ ಮಾಮೂಲಿ ಜೆರಾಕ್ಸ್ ಹಾಳೆಯಷ್ಟು ದಪ್ಪದ, ಹತ್ತು ಎ4 ಹಾಳೆ. ಬಣ್ಣದ ಹಾಳೆಗೆ ನಾನು ಅವೆನ್ಯೂ ರಸ್ತೆಗೆ ಹೋಗುತ್ತೇನೆ. ಹಾಳೆಯನ್ನು ಅಗಲಕ್ಕೆ ನಾಲ್ಕು, ಉದ್ದಕ್ಕೆ ಎಂಟು ಭಾಗ ಮಾಡಿದರೆ 32 ತುಂಡು. ಒಂದೊಂದೂ ಸುಮಾರು 52 ಮಿಮೀ ಉದ್ದ, 37 ಮಿಮೀ ಅಗಲ. ಒಟ್ಟು 320. ಹೆಚ್ಚಿಗೆ ಇರುವ 20 ಹಾಳಾಗುವ ಲೆಕ್ಕಕ್ಕೆ.

ಒಮ್ಮೆ ಸೋಮಾರಿತನಕ್ಕೆ ಒಂದು ಅಂಗಡಿಯಲ್ಲಿ ಮಷಿನ್‌ನಲ್ಲಿ ಕತ್ತರಿಸಿ ಕೊಡಿ ಅಂದೆ. ಅರ್ಧ ತುಂಡುಗಳು 2 ಮಿಮೀ ಚಿಕ್ಕದಾಗಿ ಬಂದವು. ಎರಡೇ ಮಿಮೀ ಅಲ್ವಾ ಅಂತ ಎಲ್ಲಾ ಮಡಿಸಿದೆ. ಆರನೇ ಸುತ್ತಿಗೆ ಹೂದಾನಿ ಒಂದು ಕಡೆ ವಾಲಿತು. ಈಗ ಸ್ಟೀಲ್ ಸ್ಕೇಲ್, ಕಟರ್ ಹಿಡಿದು ನಾನೇ ಕತ್ತರಿಸುತ್ತೇನೆ. ಫ್ಯಾನ್ ಆರಿಸಿಕೊಂಡು.

ಮಡಿಸುವುದು ಹೀಗೆ. ತುಂಡನ್ನು ಉದ್ದಕ್ಕೆ ಅರ್ಧ ಮಡಿಸಿ. ಅಡ್ಡಕ್ಕೆ ಇನ್ನೊಮ್ಮೆ ಅರ್ಧ ಮಡಿಸಿ ಬಿಚ್ಚಿ, ನಡುವೆ ಗೆರೆ ಬೀಳಲಿ. ಮಡಿಕೆ ಮೇಲಕ್ಕೆ ಇರುವಂತೆ ಹಿಡಿದು, ಎರಡು ಬದಿಯನ್ನೂ ಆ ಗೆರೆಗೆ ತಾಗುವಂತೆ ಕೆಳಕ್ಕೆ ಇಳಿಸಿ. ಮನೆ ಮಾಡಿನ ಥರ ಕಾಣುತ್ತದೆ, ಕೆಳಗೆ ಎರಡು ಬಾಲ. ತಿರುಗಿಸಿ. ಬಾಲಗಳ ಹೊರಮೂಲೆಯನ್ನು ಒಳಕ್ಕೆ ಮಡಿಸಿ, ಆಮೇಲೆ ಬಾಲಗಳನ್ನೇ ಮೇಲಕ್ಕೆ ಮಡಿಸಿ. ಕೊನೆಗೆ ಇಡೀ ತ್ರಿಕೋನವನ್ನು ನಡುಗೆರೆಯಲ್ಲಿ ಅರ್ಧ ಮಾಡಿ. ಈಗ ಅದಕ್ಕೆ ಎರಡು ಕೊಂಬು, ಎರಡು ಜೇಬು. ಮೊದಲ ಹತ್ತು ಸೊಟ್ಟಗೇ ಬರುತ್ತವೆ, ಬಿಡಿ. ಐವತ್ತು ದಾಟುವಷ್ಟರಲ್ಲಿ ಹೆಬ್ಬೆರಳು ಉರಿಯುತ್ತದೆ. ಉಗುರಿನ ಬದಲು ಚಮಚದ ಹಿಂಭಾಗದಿಂದ ಗೆರೆ ಒತ್ತಿ.

ನಾನು ಮಡಿಸುವುದು ಮೆಟ್ರೋದಲ್ಲಿ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಒಂದು ಗಂಟೆಗೂ ಜಾಸ್ತಿ. ಸೀಟು ಸಿಕ್ಕರೆ 40 ಆಗುತ್ತದೆ, ನಿಂತರೆ ಸುಮ್ನೆ ಕಿಟಕಿ ನೋಡುವುದೇ. ಹತ್ತು ಹತ್ತನ್ನು ಒಂದರೊಳಗೊಂದು ಸಿಕ್ಕಿಸಿ ಕಟ್ಟು ಮಾಡಿ ಟಿಫಿನ್ ಡಬ್ಬಿಗೆ ಹಾಕುತ್ತೇನೆ. ಎಣಿಕೆಯೂ ಉಳಿಯಿತು, ನಲುಗುವುದೂ ಇಲ್ಲ.

ಪಕ್ಕ ಕೂತವರು ಇದೇನು ಅಂತ ಕೇಳಿದರೆ ಹೇಳಲು ನನಗೊಂದು ಕಥೆಯಿದೆ. ಇದನ್ನು ಗೋಲ್ಡನ್ ವೆಂಚರ್ ಮಡಿಕೆ ಅಂತಲೂ ಕರೆಯುತ್ತಾರೆ. 1993ರಲ್ಲಿ ಆ ಹೆಸರಿನ ಹಡಗು ನ್ಯೂಯಾರ್ಕ್ ದಡದಲ್ಲಿ ಸಿಕ್ಕಿಕೊಂಡಿತು. ಅದರಲ್ಲಿ ಕಳ್ಳದಾರಿಯಲ್ಲಿ ವಲಸೆ ಬಂದಿದ್ದ ಚೀನೀಯರಲ್ಲಿ ಅನೇಕರನ್ನು ಪೆನ್ಸಿಲ್ವೇನಿಯಾದ ಯಾರ್ಕ್ ಜೈಲಿನಲ್ಲಿ ಇಟ್ಟರು. ಅವರು ಮ್ಯಾಗಜೀನ್ ಹಾಳೆಗಳನ್ನು ಮಡಿಸಿ ಹದ್ದು, ಹಡಗು ಮಾಡುತ್ತಿದ್ದರು. ಕೊನೆಯವರು ಹೊರಬಂದದ್ದು 1997ರಲ್ಲಿ. ಇಷ್ಟು ಹೇಳುವುದರಲ್ಲಿ ಮೆಜೆಸ್ಟಿಕ್ ಬಂದಿರುತ್ತದೆ.

ಜೋಡಿಸುವಾಗ ಕಷ್ಟವೆಲ್ಲ ಮೊದಲ ಮೂರು ಸುತ್ತಿನಲ್ಲೇ. ಅಕ್ಕಪಕ್ಕದ ಎರಡು ತ್ರಿಕೋನಗಳ ಒಂದೊಂದು ಕೊಂಬನ್ನು ಮೇಲಿನ ತ್ರಿಕೋನದ ಎರಡು ಜೇಬಿಗೆ ತೂರಿಸಬೇಕು. ಒಂದೊಂದೇ ಸುತ್ತು ಮುಗಿಸುತ್ತೇನೆ ಅಂದರೆ ಇತ್ತ ಸೇರಿಸುತ್ತಿದ್ದಂತೆ ಅತ್ತ ಕಳಚುತ್ತದೆ. ಮೂರೂ ಸುತ್ತನ್ನು ಒಟ್ಟಿಗೇ ಬೆಳೆಸುತ್ತಾ ಹೋಗಿ, 30 ಆದಮೇಲೆ ತುದಿಗಳನ್ನು ಸೇರಿಸಿ. ತ್ರಿಕೋನದ ಉದ್ದದ ಅಂಚು ಒಳಗೋ ಹೊರಗೋ ಅಂತ ಶುರುವಿನಲ್ಲೇ ತೀರ್ಮಾನಿಸಿ, ಮಧ್ಯೆ ಬದಲಾಯಿಸಬೇಡಿ. ಆಮೇಲಿನ ಸುತ್ತುಗಳು ಟಿವಿ ನೋಡಿಕೊಂಡೇ ಆಗುತ್ತವೆ. ಅಂಗೈಯಿಂದ ಒಳಗಿನಿಂದ ಮೆಲ್ಲಗೆ ಒತ್ತಿದರೆ ಹೊಟ್ಟೆ ಬರುತ್ತದೆ, ಹೊರಗಿನಿಂದ ಒತ್ತಿದರೆ ಕತ್ತು.

ಫೆವಿಕಾಲ್ ಬೇಡ. ಅಂಟು ಹಾಕಿದರೆ ತಪ್ಪಾದ ತ್ರಿಕೋನ ತೆಗೆಯಲು ಬರುವುದಿಲ್ಲ. ಜುಲೈ ಮಳೆಗೆ ಕಾಗದ ಮೆತ್ತಗಾಗುತ್ತದೆ, ಆಗ ಮಡಿಸಿದ್ದನ್ನು ಡಬ್ಬಿ ಮುಚ್ಚಿಯೇ ಇಡಿ. ಒಳಗೆ ನೀರು ಹಾಕುವ ಹಾಗಿಲ್ಲ, ಒಣಹೂವೇ ಸರಿ. ನಮ್ಮ ಮನೆಯದರಲ್ಲಿ ಅದೂ ಇಲ್ಲ. ಅತ್ತೆ ಹುಣಸೆ ಬೀಜ ತುಂಬಿಸಿದ್ದಾರೆ.